ಗಡಿಯಾರ 16 ದಾಟಿತು, ಇನ್ನು ಸೀಟಿಗಾಗಿ ಕಾಯಬೇಕು: ಕಾಲೇಜು ಬಾಸ್ಕೆಟ್‌ಬಾಲಿನ ಟಿವಿ ಟೈಮ್‌ಔಟ್

ಮಾರ್ಚ್ ಬಂತೆಂದರೆ ಅಮೆರಿಕಕ್ಕೆ ಕಾಲೇಜು ಬಾಸ್ಕೆಟ್‌ಬಾಲಿನ ಜ್ವರ ಏರುತ್ತದೆ. 68 ತಂಡಗಳು, ಸೋತವರು ನೇರ ಮನೆಗೆ, ಮೂರು ವಾರಗಳಲ್ಲಿ 67 ಪಂದ್ಯ. ಮಗನೋ ಮಗಳೋ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ ಬೆಂಗಳೂರು, ಮೈಸೂರಿನ ಮನೆಗಳಿಗೂ ಆ ಜ್ವರ ಸ್ವಲ್ಪ ತಗಲುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4:30ಕ್ಕೆ. ನಿದ್ದೆಗೆಟ್ಟು ಕೂತು ನೋಡುವವರಿಗೆ ಐದು ನಿಮಿಷದೊಳಗೆ ಮೊದಲ ಪ್ರಶ್ನೆ ಎದುರಾಗುತ್ತದೆ. ಯಾವ ಕೋಚೂ ಕೈಸನ್ನೆ ಮಾಡಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ, ಚೆಂಡು ಸುಮ್ಮನೆ ಗೆರೆಯಾಚೆ ಹೋಯಿತು, ಅಷ್ಟಕ್ಕೇ ಎರಡೂ ತಂಡಗಳು ಬೆಂಚಿನ ಕಡೆ ನಡೆದವು, ಪರದೆಯ ಮೇಲೆ ಕಾರಿನ ಜಾಹೀರಾತು ಬಂತು. ಆಟ ನಿಲ್ಲಿಸಿದ್ದು ಯಾರು?

ನಿಲ್ಲಿಸಿದ್ದು ಟಿವಿ. ಇದಕ್ಕೆ ಟಿವಿ ಟೈಮ್‌ಔಟ್ ಎನ್ನುತ್ತಾರೆ, ಮೀಡಿಯಾ ಟೈಮ್‌ಔಟ್ ಎಂದೂ ಹೆಸರಿದೆ. ರೇಡಿಯೋ ಮತ್ತು ಇಂಟರ್ನೆಟ್ ಪ್ರಸಾರಕ್ಕೂ ಇದೇ ಬಿಡುವು ಸಲ್ಲುವುದರಿಂದ ನಿಯಮ ಪುಸ್ತಕ ಇದನ್ನು ಎಲೆಕ್ಟ್ರಾನಿಕ್ ಮೀಡಿಯಾ ಟೈಮ್‌ಔಟ್ ಎಂದು ಕರೆಯುತ್ತದೆ. ನಿಯಮ ಚಿಕ್ಕದು, ಆದರೆ ಅದರ ಪರಿಣಾಮಗಳು ವಿಚಿತ್ರ. ಇಲ್ಲಿ ಮುಖ್ಯವಾಗಿ ಪುರುಷರ ಕಾಲೇಜು ಪಂದ್ಯವನ್ನು ಇಟ್ಟುಕೊಂಡು ವಿವರಿಸಿದೆ. ಮಹಿಳೆಯರ ಪಂದ್ಯದ ಲೆಕ್ಕ ಬೇರೆ, ಅದು ಮುಂದೆ ಬರುತ್ತದೆ.

ಮೊದಲು ಗಡಿಯಾರ

ಪುರುಷರ ಕಾಲೇಜು ಪಂದ್ಯ 40 ನಿಮಿಷದ್ದು: 20 ನಿಮಿಷದ ಎರಡು ಹಾಫ್, ನಡುವೆ ಸಾಮಾನ್ಯವಾಗಿ 15 ನಿಮಿಷದ ವಿರಾಮ. ಗಡಿಯಾರ ಇಳಿಮುಖವಾಗಿ ಓಡುತ್ತದೆ. 20:00ಕ್ಕೆ ಶುರುವಾಗಿ 0:00ಕ್ಕೆ ಮುಗಿಯುತ್ತದೆ. ಪರದೆಯ ಮೂಲೆಯಲ್ಲಿ 16:00 ಎಂದು ಕಂಡರೆ ನಾಲ್ಕು ನಿಮಿಷದ ಆಟ ಮುಗಿದಿದೆ, ಹದಿನಾರು ನಿಮಿಷ ಬಾಕಿ ಇದೆ ಎಂದರ್ಥ.

ಈ ಗಡಿಯಾರ ಗೋಡೆಯ ಗಡಿಯಾರದಂತೆ ಸದಾ ಓಡುವುದಿಲ್ಲ. ರೆಫರಿ ಸೀಟಿ ಊದಿದರೆ ನಿಲ್ಲುತ್ತದೆ, ಚೆಂಡು ಮತ್ತೆ ಆಟಕ್ಕೆ ಬಂದಾಗ ಓಡುತ್ತದೆ. ಸೀಟಿ ಊದಿದ ಮೇಲೆ ಚೆಂಡು ‘ಡೆಡ್’. ಆ ಹೊತ್ತಿನಲ್ಲಿ ಅದನ್ನು ಹಿಡಿದು ಓಡಿದರೂ ಬುಟ್ಟಿಗೆ ಹಾಕಿದರೂ ಲೆಕ್ಕಕ್ಕಿಲ್ಲ. ಈ ‘ಡೆಡ್ ಬಾಲ್’ ಎಂಬ ಪದವನ್ನು ನೆನಪಿನಲ್ಲಿಡಿ. ಟಿವಿ ಟೈಮ್‌ಔಟಿನ ಗುಟ್ಟೆಲ್ಲ ಅದರಲ್ಲೇ ಇದೆ.

ನಾಲ್ಕು ಗೆರೆ, ಒಂದು ಕಾಯುವಿಕೆ

ಪ್ರತಿ ಹಾಫಿನಲ್ಲಿ ಗಡಿಯಾರದ ಮೇಲೆ ನಾಲ್ಕು ಗೆರೆಗಳಿವೆ ಎಂದುಕೊಳ್ಳಿ: 16, 12, 8, 4 ನಿಮಿಷ. ಗಡಿಯಾರ ಒಂದು ಗೆರೆ ದಾಟಿದ ಮೇಲೆ ಬರುವ ಮೊದಲ ಡೆಡ್ ಬಾಲಿಗೆ, ಗಡಿಯಾರವೂ ನಿಂತಿದ್ದರೆ, ಟಿವಿ ಟೈಮ್‌ಔಟ್. ಹಾಫಿಗೆ ನಾಲ್ಕು, ಪಂದ್ಯಕ್ಕೆ ಎಂಟು. ಕಾಮೆಂಟರಿಯಲ್ಲಿ ಇವನ್ನು ‘ಅಂಡರ್ 16’, ‘ಅಂಡರ್ 12’, ‘ಅಂಡರ್ 8’, ‘ಅಂಡರ್ 4’ ಎನ್ನುತ್ತಾರೆ. ‘ಅಂಡರ್’ ಎಂಬ ಆ ಪದ ಸುಮ್ಮನೆ ಬಂದದ್ದಲ್ಲ. 16ಕ್ಕೆ ಸರಿಯಾಗಿ ಬಿಡುವು ಬರುವುದಿಲ್ಲ, 16ರ ಕೆಳಗೆ ಎಲ್ಲೋ ಒಂದು ಕಡೆ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ.

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸನ್ನು ನೆನೆಯಿರಿ. ಶಿರಾಡಿ ಘಾಟಿ ದಾಟಿದ ಮೇಲೆ ಊಟಕ್ಕೆ ನಿಲ್ಲಿಸಬೇಕೆಂದು ಡ್ರೈವರಿಗೆ ಹೇಳಿದೆ. ಘಾಟಿ ಮುಗಿಯಿತೆಂದು ಆತ ತಿರುವಿನ ನಡುವೆ ಬ್ರೇಕ್ ಒತ್ತುವುದಿಲ್ಲ. ಘಾಟಿ ದಾಟಿದ ಮೇಲೆ ಸಿಗುವ ಮೊದಲ ಹೋಟೆಲಿಗೆ ಬಸ್ಸು ತಿರುಗುತ್ತದೆ. ಅದು ಎರಡೇ ನಿಮಿಷಕ್ಕೆ ಸಿಗಬಹುದು, ಅರ್ಧ ಗಂಟೆ ಬಿಟ್ಟೂ ಸಿಗಬಹುದು. ಗಡಿಯಾರದ ಗೆರೆ ಎಂದರೆ ಘಾಟಿ, ಡೆಡ್ ಬಾಲ್ ಎಂದರೆ ಹೋಟೆಲು.

ಹೀಗೆ ಕಾಯುವುದಕ್ಕೆ ಕಾರಣ ಸರಳ. ಒಂದು ತಂಡ ಚೆಂಡು ಕಸಿದುಕೊಂಡು ಖಾಲಿ ಬುಟ್ಟಿಯತ್ತ ಓಡುತ್ತಿರುವಾಗ ಗಡಿಯಾರ 16:00 ತೋರಿಸಿತೆಂದು ಆಟ ನಿಲ್ಲಿಸಿದರೆ, ಜಾಹೀರಾತು ಒಂದು ತಂಡದ ಅಂಕ ತಿಂದಂತಾಗುತ್ತದೆ. ಆಟ ತಾನಾಗಿ ನಿಂತ ಕಡೆ ಮಾತ್ರ ಟಿವಿ ಒಳಗೆ ಬರಬೇಕು ಎಂಬುದೇ ಇಲ್ಲಿನ ಒಪ್ಪಂದ.

ಯಾವುದಕ್ಕೆ ನಿಲ್ಲುತ್ತದೆ, ಯಾವುದಕ್ಕೆ ಇಲ್ಲ

ಫೌಲ್, ಗೆರೆಯಾಚೆ ಹೋದ ಚೆಂಡು, ಟ್ರಾವೆಲಿಂಗ್ (ಚೆಂಡು ತಟ್ಟದೆ ಹೆಜ್ಜೆ ಹಾಕುವುದು), ಇಬ್ಬರು ಒಟ್ಟಿಗೆ ಹಿಡಿದು ಎಳೆದಾಡಿದ ಚೆಂಡು, ಕಾಲಿಗೆ ತಗಲಿಸಿದ ಚೆಂಡು, ಬುಟ್ಟಿಯತ್ತ ಎಸೆಯಲು ತಂಡಕ್ಕೆ ಸಿಗುವ 30 ಸೆಕೆಂಡಿನ ಶಾಟ್ ಕ್ಲಾಕ್ ಮುಗಿದದ್ದು, ಗಾಯ. ಇವೆಲ್ಲಕ್ಕೂ ಸೀಟಿ ಬೀಳುತ್ತದೆ, ಗಡಿಯಾರ ನಿಲ್ಲುತ್ತದೆ, ಟೈಮ್‌ಔಟಿಗೆ ಬಾಗಿಲು ತೆರೆಯುತ್ತದೆ.

ಹೊಸ ನೋಡುಗರು ಎಡವುವುದು ಬುಟ್ಟಿಗೆ ಬಿದ್ದ ಚೆಂಡಿನ ವಿಷಯದಲ್ಲಿ. ಅಂಕ ಬಂತು, ಚೆಂಡು ಬುಟ್ಟಿಯಿಂದ ಕೆಳಗೆ ಬಿತ್ತು, ಆಗ ಬಿಡುವು ಕೊಡಬಹುದಲ್ಲ ಎನಿಸುತ್ತದೆ. ಕೊಡುವಂತಿಲ್ಲ. ಕಾಲೇಜು ಆಟದಲ್ಲಿ ಅಂಕ ಬಂದ ಮೇಲೂ ಗಡಿಯಾರ ಓಡುತ್ತಲೇ ಇರುತ್ತದೆ. ಎರಡನೇ ಹಾಫಿನ ಮತ್ತು ಹೆಚ್ಚುವರಿ ಅವಧಿಯ ಕೊನೆಯ ನಿಮಿಷದಲ್ಲಿ ಮಾತ್ರ ಬುಟ್ಟಿ ಬಿದ್ದ ಕೂಡಲೇ ನಿಲ್ಲುತ್ತದೆ. ಹಾಗಾಗಿ ಎರಡೂ ತಂಡಗಳು ಸರದಿಯಂತೆ ಬುಟ್ಟಿ ಹಾಕುತ್ತಾ ಹೋದರೆ, ಯಾರೂ ಫೌಲ್ ಮಾಡದಿದ್ದರೆ, ಎರಡು ಮೂರು ನಿಮಿಷ ಸೀಟಿಯೇ ಬೀಳದಿರಬಹುದು. ಆಟ ನೋಡಲು ಅತಿ ಸೊಗಸಾಗಿರುವುದು ಇಂಥ ಹೊತ್ತಿನಲ್ಲೇ. ಪ್ರಸಾರದ ವಾಹನದಲ್ಲಿ ಕೂತವರಿಗೆ ಮಾತ್ರ ಅದು ಜಾಹೀರಾತು ಕೈಯಲ್ಲಿ ಹಿಡಿದು ಕಾಯುವ ಹೊತ್ತು.

ಇನ್ನೊಂದು ಇಕ್ಕಟ್ಟಿನ ಸನ್ನಿವೇಶ ಫ್ರೀ ಥ್ರೋ, ಅಂದರೆ ಫೌಲಿಗೆ ಪರಿಹಾರವಾಗಿ ಸಿಗುವ, ಯಾರೂ ಅಡ್ಡಬರದ ಎಸೆತ. ಗೆರೆ ದಾಟಿದ ಮೇಲಿನ ಮೊದಲ ಸೀಟಿ ಫೌಲಿಗೆ ಬಿತ್ತು, ಆಟಗಾರನಿಗೆ ಎರಡು ಫ್ರೀ ಥ್ರೋ ಸಿಕ್ಕಿತು ಎನ್ನಿ. ಪುರುಷರ ಆಟದಲ್ಲಿ ಮೊದಲು ಟಿವಿ ಟೈಮ್‌ಔಟ್, ಆಮೇಲೆ ಫ್ರೀ ಥ್ರೋ. ಓಡಿ ಬಿಸಿಯಾಗಿದ್ದ ಕೈ ಎರಡು ನಿಮಿಷಕ್ಕೂ ಹೆಚ್ಚು ಕಾಲ ಸ್ಟೂಲಿನ ಮೇಲೆ ಕೂತು ತಣ್ಣಗಾಗಿ, ಇಡೀ ಸಭಾಂಗಣ ಗದ್ದಲ ಎಬ್ಬಿಸುವಾಗ ಚೆಂಡು ಎಸೆಯಬೇಕು. ಡ್ರಿಂಕ್ಸ್ ವಿರಾಮದ ನಂತರದ ಮೊದಲ ಎಸೆತ ಎದುರಿಸುವ ಬ್ಯಾಟರ್ ಪಾಡಿನಂತೆ.

ಎರಡು ಖಾತೆಗಳು

ಗೊಂದಲ ಹೆಚ್ಚಾಗುವುದು ತಂಡದ ಟೈಮ್‌ಔಟ್ ಮತ್ತು ಟಿವಿ ಟೈಮ್‌ಔಟನ್ನು ಒಂದೇ ಎಂದುಕೊಂಡಾಗ. ಇವು ಬೇರೆ ಬೇರೆ ಖಾತೆ. ಟಿವಿಯದು ಯಾರ ಲೆಕ್ಕದಿಂದಲೂ ಕಳೆಯುವುದಿಲ್ಲ. ತಂಡದ್ದು ಕೋಚ್ ಜೇಬಿನಿಂದ ಹೋಗುತ್ತದೆ.

ಪ್ರಸಾರವಿರುವ ಪಂದ್ಯದಲ್ಲಿ ಪ್ರತಿ ತಂಡಕ್ಕೆ ನಾಲ್ಕು ಟೈಮ್‌ಔಟ್. ಅವುಗಳಲ್ಲಿ ಹೆಚ್ಚೆಂದರೆ ಮೂರನ್ನು ಎರಡನೇ ಹಾಫಿಗೆ ಒಯ್ಯಬಹುದು. ಮೊದಲ ಹಾಫಿನಲ್ಲಿ ಒಂದನ್ನೂ ಬಳಸದಿದ್ದರೆ ಒಂದು ವ್ಯರ್ಥ. ಇವು ಬಹುಪಾಲು 30 ಸೆಕೆಂಡಿನ ಚುಟುಕು ಬಿಡುವುಗಳು. ಪ್ರಸಾರವೇ ಇಲ್ಲದ ಪಂದ್ಯವಾದರೆ ತಂಡಕ್ಕೆ ಆರು ಸಿಗುತ್ತವೆ: 75 ಸೆಕೆಂಡಿನವು ನಾಲ್ಕು, 30 ಸೆಕೆಂಡಿನವು ಎರಡು. ಟಿವಿ ಎಂಟು ಬಿಡುವುಗಳನ್ನು ಪುಕ್ಕಟೆ ಕೊಡುವುದರಿಂದ ತಂಡದ ಪಾಲನ್ನು ಕತ್ತರಿಸಿದ್ದಾರೆ. ಒಂದು ಹಾಫಿನಲ್ಲಿ ಕನಿಷ್ಠ ಮೂರು ಮೀಡಿಯಾ ಟೈಮ್‌ಔಟ್ ನಿಗದಿಯಾಗಿದ್ದರೆ ಮಾತ್ರ ಅದನ್ನು ‘ಪ್ರಸಾರದ ಪಂದ್ಯ’ ಎಂದು ಎಣಿಸುತ್ತಾರೆ.

ಎರಡು ಖಾತೆಗಳೂ ಒಟ್ಟಿಗೆ ಖರ್ಚಾದರೆ ನೋಡುವವರಿಗೆ ಹಿಂಸೆ. 12:10ಕ್ಕೆ ಕೋಚ್ ಟೈಮ್‌ಔಟ್ ಕೇಳಿದ, ಆಟ ಮತ್ತೆ ಶುರುವಾಗಿ ಹದಿನೈದು ಸೆಕೆಂಡಿಗೆ ಫೌಲ್ ಆಯಿತು, ಮತ್ತೆ ಟಿವಿ ಟೈಮ್‌ಔಟ್. ಹಿಂದೆ ಇದು ಮಾಮೂಲಿಯಾಗಿತ್ತು. 2015-16ರ ಋತುವಿನಿಂದ ಪುರುಷರ ಆಟದಲ್ಲಿ ಇದಕ್ಕೊಂದು ಬೀಗ ಹಾಕಿದರು: ಗೆರೆಗೆ 30 ಸೆಕೆಂಡಿನೊಳಗೆ, ಅಥವಾ ಗೆರೆ ದಾಟಿದ ಮೇಲೆ ಟಿವಿ ಬಿಡುವು ಬರುವ ಮೊದಲು, ತಂಡ ಕೇಳಿದ ಟೈಮ್‌ಔಟೇ ಟಿವಿ ಟೈಮ್‌ಔಟ್ ಆಗಿಬಿಡುತ್ತದೆ. ಅದೇ ವರ್ಷ ತಂಡದ ಟೈಮ್‌ಔಟನ್ನು ಐದರಿಂದ ನಾಲ್ಕಕ್ಕೆ, ಶಾಟ್ ಕ್ಲಾಕನ್ನು 35ರಿಂದ 30 ಸೆಕೆಂಡಿಗೆ ಇಳಿಸಿದರು. ಚೆಂಡು ಆಟದಲ್ಲಿರುವಾಗ ಕೋಚ್ ಟೈಮ್‌ಔಟ್ ಕೇಳುವುದನ್ನೂ ನಿಲ್ಲಿಸಿದರು. ಆ ಹೊತ್ತಿನಲ್ಲಿ ಈಗ ಆಟಗಾರ ಮಾತ್ರ ಕೇಳಬಹುದು. ಆಟ ತೀರಾ ನಿಧಾನ ಎಂಬ ದೂರಿಗೆ ಸಿಕ್ಕ ಉತ್ತರ ಇದು.

ಇನ್ನೊಂದು ಸಣ್ಣ ಕಲಮಿದೆ. ಎರಡನೇ ಹಾಫಿನಲ್ಲಿ ಯಾವುದೇ ತಂಡ ಕೇಳುವ ಮೊದಲ ಟೈಮ್‌ಔಟನ್ನು ಪೂರ್ಣ ಅವಧಿಯ ಟಿವಿ ಬಿಡುವಾಗಿ ಹಿಗ್ಗಿಸುತ್ತಾರೆ. ಕೋಚ್ ಕೇಳಿದ್ದು 30 ಸೆಕೆಂಡು, ಸಿಕ್ಕಿದ್ದು ಎರಡು ನಿಮಿಷಕ್ಕೂ ಹೆಚ್ಚು. ಎರಡನೇ ಹಾಫಿನಲ್ಲಿ ಬಿಡುವುಗಳು ಐದಕ್ಕೆ ಏರುವುದು ಹೀಗೆ.

ತಂಡದ ಖಾತೆ ಬರಿದಾಗಿರುವುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕಾಲೇಜು ಬಾಸ್ಕೆಟ್‌ಬಾಲಿನ ಅತಿ ಪ್ರಸಿದ್ಧ ಉದಾಹರಣೆ 1993ರ ಫೈನಲ್. ಮಿಷಿಗನ್ ತಂಡ ನಾರ್ತ್ ಕ್ಯಾರೊಲೈನಾ ಎದುರು 71-73ರಿಂದ ಹಿಂದಿತ್ತು, ಉಳಿದದ್ದು 11 ಸೆಕೆಂಡು. ಮೂಲೆಯಲ್ಲಿ ಸಿಕ್ಕಿಬಿದ್ದ ಮಿಷಿಗನ್ ಆಟಗಾರ ಕ್ರಿಸ್ ವೆಬ್ಬರ್ ಟೈಮ್‌ಔಟ್ ಸನ್ನೆ ಮಾಡಿದರು. ಆದರೆ ತಂಡದ ಬಳಿ ಒಂದೂ ಉಳಿದಿರಲಿಲ್ಲ. ಇಲ್ಲದ ಟೈಮ್‌ಔಟ್ ಕೇಳಿದರೆ ಟೆಕ್ನಿಕಲ್ ಫೌಲ್, ಅಂದರೆ ನಿಯಮ ಮೀರಿದ್ದಕ್ಕೆ ದಂಡ: ಎದುರಾಳಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರದ್ದೇ. ಪಂದ್ಯ 77-71ಕ್ಕೆ ಮುಗಿಯಿತು.

ಒಂದು ಹಾಫ್, ಹತ್ತಿರದಿಂದ

ಕಾಗದದ ಮೇಲೆ ನಿಯಮ ಸಲೀಸು. ಪಂದ್ಯದಲ್ಲಿ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಕೆಂಪು ತಂಡ, ನೀಲಿ ತಂಡ ಎಂದಿಟ್ಟುಕೊಂಡು ಎರಡನೇ ಹಾಫ್ ಒಂದನ್ನು ಕಲ್ಪಿಸಿಕೊಳ್ಳೋಣ.

17:45. ಕೆಂಪು ಸತತ ಎಂಟು ಅಂಕ ಗಳಿಸಿದೆ. ನೀಲಿ ಕೋಚ್ ಟೈಮ್‌ಔಟ್ ಕೇಳುತ್ತಾನೆ. ಎರಡನೇ ಹಾಫಿನ ಮೊದಲನೆಯದಾದ್ದರಿಂದ ಅದು ಪೂರ್ಣ ಬಿಡುವಾಗುತ್ತದೆ. ನೀಲಿ ಖಾತೆಯಿಂದ ಒಂದು ಕಡಿತ.

16:00. ಗಡಿಯಾರ ಗೆರೆ ದಾಟಿತು, ಆದರೆ ಚೆಂಡು ಆಟದಲ್ಲಿದೆ. 15:52ಕ್ಕೆ ಕೆಂಪು ತಂಡದವನ ಕೈಯಿಂದ ಚೆಂಡು ಗೆರೆಯಾಚೆ ಹೋಯಿತು. ಅಂಡರ್ 16. ಯಾರ ಖಾತೆಯಿಂದಲೂ ಕಡಿತವಿಲ್ಲ.

12:18. ಈ ಸಲ ಕೆಂಪು ಕೋಚ್ ಕೇಳಿದ. 12ರ ಗೆರೆಗೆ 18 ಸೆಕೆಂಡು ಮಾತ್ರ ಬಾಕಿ ಇತ್ತು. ಹಾಗಾಗಿ ಇದೇ ಅಂಡರ್ 12. ಕೆಂಪು ಖಾತೆಯಿಂದ ಒಂದು ಹೋಯಿತು, ಅದೂ ಇನ್ನೊಂದಿಷ್ಟು ಸೆಕೆಂಡು ಕಾದಿದ್ದರೆ ಬಿಟ್ಟಿಯಾಗಿ ಸಿಗುತ್ತಿದ್ದ ಬಿಡುವಿಗಾಗಿ. 11:50ಕ್ಕೆ ಫೌಲ್ ಆದಾಗ ಯಾರೂ ಬೆಂಚಿಗೆ ಹೋಗುವುದಿಲ್ಲ. ಎಣಿಕೆ ತಪ್ಪಿದ ನೋಡುಗ ‘ಅಂಡರ್ 12 ಎಲ್ಲಿ’ ಎಂದು ಕೇಳುವುದು ಈ ಹಂತದಲ್ಲಿ.

8:00 ದಾಟಿತು. ಬುಟ್ಟಿ, ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು), ಬುಟ್ಟಿ, ಮತ್ತೆ ರೀಬೌಂಡ್. ಸೀಟಿ ಇಲ್ಲ. ಹತ್ತು ಆಟಗಾರರ ಬಾಯಿಯೂ ತೆರೆದಿದೆ, ಕೈಗಳು ಮಂಡಿಯ ಮೇಲೆ. 5:10ಕ್ಕೆ ನೀಲಿಯವನೊಬ್ಬ ದಣಿದು ಚೆಂಡು ತಟ್ಟದೆಯೇ ಹೆಜ್ಜೆ ಹಾಕಿದ, ಟ್ರಾವೆಲಿಂಗ್. ಅಂಡರ್ 8 ಬಂದದ್ದು ಹೆಚ್ಚುಕಡಿಮೆ ಮೂರು ನಿಮಿಷ ತಡವಾಗಿ.

3:56. ಕೆಂಪು ತಂಡದ ಫೌಲ್. ಅಂಡರ್ 4. ಹಿಂದಿನ ಬಿಡುವಿನಿಂದ ನಡೆದ ಆಟ ಒಂದು ನಿಮಿಷ 14 ಸೆಕೆಂಡು ಮಾತ್ರ. ನೋಡುವವರು ಗೊಣಗುತ್ತಾರೆ, ‘ಈಗ ತಾನೇ ಜಾಹೀರಾತು ಆಯಿತಲ್ಲ!’ ಘಾಟಿ ದಾಟಿ ಬಹಳ ದೂರ ಹೋದ ಮೇಲೆ ಮೊದಲ ಹೋಟೆಲು ಸಿಕ್ಕರೆ ಎರಡನೆಯದು ಪಕ್ಕದಲ್ಲೇ ಇರುತ್ತದೆ. ಯಾರೂ ಮೋಸ ಮಾಡಿಲ್ಲ. ಗೆರೆಗಳ ನಡುವಿನ ಅಂತರ ಸಮ, ಸೀಟಿಗಳ ನಡುವಿನ ಅಂತರ ಸಮವಲ್ಲ.

ಮೇಜಿನ ಬಳಿ ನಡೆಯುವ ಕೆಲಸ

ಅಂಗಳದ ಪಕ್ಕದ ಉದ್ದ ಮೇಜಿನಲ್ಲಿ ಸ್ಕೋರರ್, ಗಡಿಯಾರ ನಡೆಸುವವರು, ಶಾಟ್ ಕ್ಲಾಕ್ ನಡೆಸುವವರು ಇರುತ್ತಾರೆ. ಅವರ ಜೊತೆಗೇ ಪ್ರಸಾರದ ಕಡೆಯವರೊಬ್ಬರು ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಾರೆ. ಸಭಾಂಗಣದ ಹೊರಗೆ ನಿಂತ ಪ್ರಸಾರದ ವಾಹನದೊಂದಿಗೆ ಇವರ ಕಿವಿ ಸದಾ ಜೋಡಣೆಯಲ್ಲಿ. ಯಾವ ಗೆರೆಯ ಬಿಡುವು ಆಯಿತು, ಯಾವುದು ಬಾಕಿ ಎಂಬ ಎಣಿಕೆ ಇವರದ್ದು. ಪಂದ್ಯಕ್ಕೆ ಮೊದಲೇ ಮೂವರು ರೆಫರಿಗಳೊಂದಿಗೆ ಬಿಡುವಿನ ಸಂಖ್ಯೆ, ಅವಧಿ ಎಲ್ಲವೂ ಮಾತಾಗಿರುತ್ತದೆ.

ಗೆರೆ ದಾಟಿದ ಮೇಲೆ ಸೀಟಿ ಬಿದ್ದರೆ ರೆಫರಿ ಮೇಜಿನ ಕಡೆ ನೋಡುತ್ತಾರೆ, ಸಂಕೇತ ಸಿಗುತ್ತದೆ, ಟೈಮ್‌ಔಟ್ ಘೋಷಣೆಯಾಗುತ್ತದೆ. ಕಾಮೆಂಟೇಟರ್ ಒಂದೆರಡು ಸಾಲಿನಲ್ಲಿ ಸ್ಕೋರ್ ಹೇಳಿ ಮುಗಿಸಿದ ಮೇಲೆ ವಾಹನದಲ್ಲಿ ಜಾಹೀರಾತು ಓಡುತ್ತದೆ. ಸಾಮಾನ್ಯ ಪಂದ್ಯದಲ್ಲಿ ಎರಡು ಕಾಲು ನಿಮಿಷದ ಆಸುಪಾಸು, ಮಾರ್ಚ್ ಟೂರ್ನಿಯಲ್ಲಿ ಇನ್ನೂ ಕೊಂಚ ಹೆಚ್ಚು. 30 ಸೆಕೆಂಡಿನ ನಾಲ್ಕೈದು ಜಾಹೀರಾತುಗಳಿಗೆ ಜಾಗ. ಮುಗಿಯಲು 15 ಸೆಕೆಂಡು ಇರುವಾಗ ಎಚ್ಚರಿಕೆಯ ಹಾರ್ನ್, ಮುಗಿದಾಗ ಮತ್ತೊಂದು.

ಅಂಗಳದಲ್ಲಿರುವವರಿಗೆ ಈ ಎರಡು ನಿಮಿಷ ಬೇರೆಯೇ ಲೋಕ. ಸಹಾಯಕರು ಮಡಚುವ ಸ್ಟೂಲುಗಳನ್ನು ತಂದಿಟ್ಟು ಐವರನ್ನು ಕೂರಿಸುತ್ತಾರೆ, ನೀರು, ಟವೆಲ್. ಮುಖ್ಯ ಕೋಚ್ ಒಡನೆಯೇ ಆಟಗಾರರ ಮುಂದೆ ಬರುವುದು ಅಪರೂಪ. ಮೊದಲ ಅರ್ಧ ನಿಮಿಷ ಸಹಾಯಕ ಕೋಚ್‌ಗಳ ಜೊತೆ ಪಕ್ಕಕ್ಕೆ ನಿಂತು ಮಾತಾಡಿ, ಏನು ಹೇಳಬೇಕೆಂದು ಗಟ್ಟಿ ಮಾಡಿಕೊಂಡು ಪುಟ್ಟ ಬಿಳಿ ಹಲಗೆ ಹಿಡಿದು ಬರುತ್ತಾರೆ. ಅತ್ತ ಬ್ಯಾಂಡು, ಚಿಯರ್‌ಲೀಡರ್‌ಗಳು, ಬುಟ್ಟಿಯ ಕೆಳಗೆ ಬೆವರು ಒರೆಸುವ ಹುಡುಗರು.

ತಪ್ಪುಗಳು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ಆಗುತ್ತವೆ. ಆರಂಭದಲ್ಲಿ, ರೆಫರಿ ಮೇಜಿನ ಕಡೆ ನೋಡದೆ ಚೆಂಡನ್ನು ಆಟಗಾರನ ಕೈಗೆ ಕೊಟ್ಟುಬಿಟ್ಟರೆ ಆ ಅವಕಾಶ ಹೋಯಿತು, ಮುಂದಿನ ಸೀಟಿಯವರೆಗೆ ಕಾಯಬೇಕು. ಕೊನೆಯಲ್ಲಿ, ಹಾರ್ನ್ ಆದರೂ ತಂಡ ಹಲಗೆಯ ಸುತ್ತ ನಿಂತೇ ಇರುವುದು. ಇದಕ್ಕೆ ಮದ್ದು ಇದೆ: ಮೊದಲ ಸಲ ತಡವಾದರೆ ಎಚ್ಚರಿಕೆ, ಅದೇ ತಂಡ ಮತ್ತೆ ತಡ ಮಾಡಿದರೆ ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ.

ಟಿವಿಗೆ ಇಷ್ಟು ಅಧಿಕಾರ ಎಲ್ಲಿಂದ?

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಏರ್ಪಾಡು ವಿಚಿತ್ರ ಎನಿಸುವುದು ಸಹಜ. ಕ್ರಿಕೆಟಿನಲ್ಲಿ ಪ್ರತಿ ಆರು ಎಸೆತಕ್ಕೆ ಓವರ್ ಮುಗಿಯುತ್ತದೆ, ಫೀಲ್ಡರುಗಳು ಜಾಗ ಬದಲಿಸುವಷ್ಟರಲ್ಲಿ ಒಂದು ಜಾಹೀರಾತು ಬಂದು ಹೋಗುತ್ತದೆ. ವಿಕೆಟ್ ಬಿದ್ದರೆ ಇನ್ನೊಂದೆರಡು. ಜಾಹೀರಾತಿನ ಕಿಟಕಿಗಳು ಆಟದ ಗೋಡೆಯಲ್ಲೇ ಇವೆ. ಬಾಸ್ಕೆಟ್‌ಬಾಲಿನ ಗೋಡೆಯಲ್ಲಿ ಕಿಟಕಿ ಇಲ್ಲ, ಕೊರೆಯಬೇಕು. ಅಷ್ಟೂ ಜಾಹೀರಾತುಗಳನ್ನು ಮೊದಲೇ ಮಾರಿಟ್ಟಿರುವ ವಾಹಿನಿಗೆ ‘ಬಿಡುವು ಸಿಕ್ಕರೆ ನೋಡೋಣ’ ಎನ್ನಲಾಗದು, ಇಂತಿಷ್ಟು ಬಿಡುವು ಖಚಿತ ಎಂಬ ಭರವಸೆ ಬೇಕು.

ಇದರ ಹಿಂದೆ ಹಣವಿದೆ, ಮತ್ತು ಅದು ಸಣ್ಣ ಮೊತ್ತವಲ್ಲ. 1968ರ ಜನವರಿ 20ರಂದು ಹ್ಯೂಸ್ಟನ್‌ನ ಆಸ್ಟ್ರೋಡೋಮಿನಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯವನ್ನು 71-69ರಿಂದ ಸೋಲಿಸಿತು. ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಹೆಚ್ಚು ಜನ. ಲೀಗ್ ಹಂತದ ಕಾಲೇಜು ಪಂದ್ಯವೊಂದು ರಾತ್ರಿಯ ಮುಖ್ಯ ಹೊತ್ತಿನಲ್ಲಿ ದೇಶದುದ್ದಕ್ಕೂ ಪ್ರಸಾರವಾದದ್ದು ಅದೇ ಮೊದಲು, ಕಾಲೇಜು ಆಟಕ್ಕೂ ರಾಷ್ಟ್ರೀಯ ಮಾರುಕಟ್ಟೆ ಇದೆ ಎಂದು ವಾಹಿನಿಗಳಿಗೆ ಗೊತ್ತಾದದ್ದೂ ಅಂದೇ. 1979ರಲ್ಲಿ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರಾದ ಫೈನಲ್, ಅದೇ ಸೆಪ್ಟೆಂಬರಿನಲ್ಲಿ ಶುರುವಾದ ಕ್ರೀಡಾ ವಾಹಿನಿ ಇಎಸ್‌ಪಿಎನ್, 1982ರಿಂದ ಸಿಬಿಎಸ್ ವಾಹಿನಿಯ ಕೈಗೆ ಬಂದ ಮಾರ್ಚ್ ಟೂರ್ನಿ, ಹೀಗೆ ಆ ಮಾರುಕಟ್ಟೆ ಬೆಳೆಯಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಪ್ರಸಾರ ಸಂಸ್ಥೆಗಳ ಜೊತೆ 14 ವರ್ಷಕ್ಕೆ ಮಾಡಿಕೊಂಡ ಒಪ್ಪಂದ 1,080 ಕೋಟಿ ಡಾಲರಿನದು. 2016ರಲ್ಲಿ ಅದನ್ನು ಇನ್ನೂ 880 ಕೋಟಿ ಡಾಲರಿಗೆ 2032ರವರೆಗೆ ವಿಸ್ತರಿಸಿದರು. ಈ ಹಣ ಕೊಟ್ಟವರು ಅದನ್ನು ವಾಪಸ್ ಪಡೆಯುವ ಮುಖ್ಯ ದಾರಿಗಳಲ್ಲಿ ಪಂದ್ಯಕ್ಕೆ ಎಂಟರಂತೆ ಬರುವ ಈ ಎರಡು ನಿಮಿಷಗಳೂ ಸೇರಿವೆ.

2025ರಲ್ಲಿ ಮಹಿಳೆಯರ ಆಟದಂತೆ ಪುರುಷರ ಆಟವನ್ನೂ ಎರಡು ಹಾಫಿನ ಬದಲು ನಾಲ್ಕು ಕ್ವಾರ್ಟರುಗಳಿಗೆ ಬದಲಿಸುವ ಮಾತು ಬಲವಾಗಿ ಕೇಳಿಬಂದಾಗ ಎದುರಾದ ತೊಡಕುಗಳಲ್ಲಿ ಮೀಡಿಯಾ ಟೈಮ್‌ಔಟಿನ ಮರುಜೋಡಣೆಯೂ ಒಂದು. ಗೆರೆಗಳು ಎಲ್ಲಿ ಬೀಳಬೇಕು ಎಂಬುದು ಆಟದ ಪ್ರಶ್ನೆಯಷ್ಟೇ ಅಲ್ಲ, ವ್ಯಾಪಾರದ ಪ್ರಶ್ನೆಯೂ ಹೌದು.

ಕೋಚ್ ಇದನ್ನು ಹೇಗೆ ಬಳಸುತ್ತಾನೆ

ಜಾಹೀರಾತಿಗೆಂದು ಹುಟ್ಟಿದ ಬಿಡುವು ಈಗ ಆಟದ ತಂತ್ರದೊಳಗೇ ಬೇರೂರಿದೆ. ಬಹಳ ಕೋಚ್‌ಗಳು 40 ನಿಮಿಷವನ್ನು ನಾಲ್ಕು ನಿಮಿಷದ ಹತ್ತು ತುಂಡುಗಳೆಂದು ನೋಡುತ್ತಾರೆ, ‘ಈ ನಾಲ್ಕು ನಿಮಿಷ ಗೆಲ್ಲೋಣ’ ಎಂದು ಹೇಳಿ ಕಳಿಸುತ್ತಾರೆ.

ಹೆಚ್ಚು ಕುತೂಹಲದ್ದು ವಿಶ್ರಾಂತಿಯ ಲೆಕ್ಕ. ತಂಡದ ಅತ್ಯುತ್ತಮ ಆಟಗಾರ ದಣಿದಿದ್ದಾನೆ, ಗಡಿಯಾರ 12:40. ಈಗ ಅವನನ್ನು ಹೊರಗೆ ಕರೆದರೆ, 11:30ಕ್ಕೆ ಅಂಡರ್ 12 ಬಂತೆನ್ನಿ, ಅವನು ತಪ್ಪಿಸಿಕೊಂಡ ಆಟ ಒಂದು ನಿಮಿಷ ಹತ್ತು ಸೆಕೆಂಡು. ಸಿಕ್ಕ ವಿಶ್ರಾಂತಿ ಅದರ ಮೇಲೆ ಟಿವಿಯ ಎರಡು ಕಾಲು ನಿಮಿಷ, ನಡುವಿನ ಸೀಟಿಗಳ ಸಮಯ ಬೇರೆ. ನಾಲ್ಕು ನಿಮಿಷದ ಸಮೀಪ. ಅದೇ ಆಟಗಾರನನ್ನು ಬಿಡುವು ಮುಗಿದ ಕೂಡಲೇ, 11:30ಕ್ಕೆ, ಹೊರಗೆ ಕೂರಿಸಿದರೆ ಅದೇ ಒಂದು ನಿಮಿಷದ ಆಟ ತಪ್ಪುತ್ತದೆ, ಆದರೆ ಟಿವಿಯ ಲಾಭ ಸಿಗುವುದಿಲ್ಲ. ಗೆರೆಗೆ ಮುಂಚೆ ಬದಲಿ ಆಟಗಾರರು ಮೇಜಿನ ಬಳಿ ಬಂದು ಕೂರುವುದನ್ನು ಗಮನಿಸಿದರೆ ಈ ಲೆಕ್ಕ ಕಣ್ಣಿಗೆ ಬೀಳುತ್ತದೆ.

ಎದುರಾಳಿ ಸತತ ಅಂಕ ಗಳಿಸುತ್ತಿರುವಾಗ ಪ್ರಶ್ನೆ ಇನ್ನೂ ಕಷ್ಟದ್ದು. ಗಡಿಯಾರ 12:50. ಸ್ವಂತ ಟೈಮ್‌ಔಟ್ ಖರ್ಚು ಮಾಡಬೇಕೋ, 50 ಸೆಕೆಂಡು ಹಲ್ಲು ಕಚ್ಚಿ ಬಿಟ್ಟಿ ಬಿಡುವಿಗೆ ಕಾಯಬೇಕೋ? ಕಾದವನಿಗೆ 12ರ ನಂತರ ಸೀಟಿ ಬೀಳದಿದ್ದರೆ 50 ಸೆಕೆಂಡು ಎರಡು ನಿಮಿಷವಾಗಬಹುದು, ಆರು ಅಂಕದ ಅಂತರ ಹನ್ನೆರಡಾಗಬಹುದು. ಆಗ ಅನುಭವಿ ಆಟಗಾರ ಎದುರಾಳಿಯ ಚೆಂಡನ್ನು ಕಸಿಯಲು ಹೋಗುವ ಬದಲು ಬೇಕೆಂದೇ ಗೆರೆಯಾಚೆ ತಟ್ಟಿಬಿಡುತ್ತಾನೆ. ಚೆಂಡು ಎದುರಾಳಿಗೇ ಹೋಗುತ್ತದೆ, ಆದರೆ ಸೀಟಿ ಬೀಳುತ್ತದೆ, ಉಸಿರು ಸಿಗುತ್ತದೆ. ಜಾಹೀರಾತಿನ ಬಿಡುವು ಬಲಹೀನ ತಂಡಕ್ಕಿಂತ ಹೆಚ್ಚಾಗಿ ಚುರುಕಾದ ತಂಡಕ್ಕೆ ತೊಡಕಾಗುತ್ತದೆ: ಹತ್ತು ಆಟಗಾರರನ್ನು ಬದಲಿಸುತ್ತಾ ಎದುರಾಳಿಯನ್ನು ಓಡಿಸಿ ದಣಿಸುವ ತಂಡದ ಶ್ರಮವನ್ನು ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಬರುವ ಸ್ಟೂಲು ಅರ್ಧಕ್ಕಿಳಿಸುತ್ತದೆ.

ಬೇರೆ ಕಡೆ ಹೇಗೆ

ಮಹಿಳೆಯರ ಕಾಲೇಜು ಆಟ 2015-16ರಿಂದ 10 ನಿಮಿಷದ ನಾಲ್ಕು ಕ್ವಾರ್ಟರುಗಳದ್ದು. ಅಲ್ಲಿ ಗೆರೆ ಕ್ವಾರ್ಟರಿಗೆ ಒಂದೇ, 5 ನಿಮಿಷದಲ್ಲಿ. ಅದಕ್ಕೆ ಮೊದಲೇ ಯಾವುದಾದರೂ ತಂಡ ಟೈಮ್‌ಔಟ್ ಕೇಳಿದರೆ ಅದೇ ಮೀಡಿಯಾ ಬಿಡುವಾಗುತ್ತದೆ. ಒಂದನೇ ಮತ್ತು ಮೂರನೇ ಕ್ವಾರ್ಟರ್ ಮುಗಿದಾಗ ಸಹಜವಾದ ಬಿಡುವು ಸಿಗುತ್ತದೆ. ನಾಲ್ಕು ಮತ್ತು ಎರಡು, ಒಟ್ಟು ಆರು. ಆಟ ಹೆಚ್ಚು ಹರಿಯುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2024ರಲ್ಲಿ ಸೌತ್ ಕ್ಯಾರೊಲೈನಾ ಮತ್ತು ಕೇಟ್ಲಿನ್ ಕ್ಲಾರ್ಕ್ ಅವರ ಅಯೋವಾ ನಡುವಿನ ಮಹಿಳೆಯರ ಫೈನಲನ್ನು ಅಮೆರಿಕದಲ್ಲಿ ಸುಮಾರು 1.89 ಕೋಟಿ ಜನ ನೋಡಿದರು, ಆ ವರ್ಷದ ಪುರುಷರ ಫೈನಲಿಗಿಂತ ಹೆಚ್ಚು.

ವೃತ್ತಿಪರ ಎನ್‌ಬಿಎಯಲ್ಲಿ ಪ್ರತ್ಯೇಕ ಟಿವಿ ಖಾತೆಯೇ ಇಲ್ಲ. 12 ನಿಮಿಷದ ಪ್ರತಿ ಕ್ವಾರ್ಟರಿನಲ್ಲಿ 6:59 ಮತ್ತು 2:59ರ ಕೆಳಗೆ ಎರಡು ಕಡ್ಡಾಯ ಟೈಮ್‌ಔಟ್. ಅಷ್ಟರೊಳಗೆ ಯಾರೂ ಕೇಳದಿದ್ದರೆ ಮೊದಲನೆಯದನ್ನು ಆತಿಥೇಯ ತಂಡದ ಏಳು ಟೈಮ್‌ಔಟಿನಿಂದ ಕಳೆಯುತ್ತಾರೆ, ಎರಡನೆಯದನ್ನು ಆ ಕ್ವಾರ್ಟರಿನಲ್ಲಿ ಇನ್ನೂ ಟೈಮ್‌ಔಟ್ ಕಳೆದುಕೊಳ್ಳದ ತಂಡದಿಂದ. ಅಂತರರಾಷ್ಟ್ರೀಯ ಫಿಬಾ ನಿಯಮದಲ್ಲಿ ಮೀಡಿಯಾ ಟೈಮ್‌ಔಟ್ ಆಯೋಜಕರ ಇಚ್ಛೆಗೆ ಬಿಟ್ಟದ್ದು, ಇಟ್ಟುಕೊಂಡರೂ ಕ್ವಾರ್ಟರಿಗೆ ಒಂದು.

ನಮಗೆ ಹತ್ತಿರದ ಸೋದರ ಐಪಿಎಲ್‌ನ ಸ್ಟ್ರಾಟೆಜಿಕ್ ಟೈಮ್‌ಔಟ್. 2009ರಲ್ಲಿ ಹತ್ತು ಓವರಿಗೆ ಏಳೂವರೆ ನಿಮಿಷದ ವಿರಾಮವಾಗಿ ಬಂತು, ಎಲ್ಲರೂ ಬೈದ ಮೇಲೆ ಮರುವರ್ಷ ಎರಡೂವರೆ ನಿಮಿಷದ ಎರಡು ತುಂಡಾಯಿತು. ಫೀಲ್ಡಿಂಗ್ ತಂಡ 6ರಿಂದ 9ನೇ ಓವರಿನ ನಡುವೆ, ಬ್ಯಾಟಿಂಗ್ ತಂಡ 13ರಿಂದ 16ರ ನಡುವೆ ತೆಗೆದುಕೊಳ್ಳಬೇಕು. ಚಿನ್ನಸ್ವಾಮಿಯಲ್ಲಿ ಇಬ್ಬರು ಬ್ಯಾಟರ್‌ಗಳು ಲಯಕ್ಕೆ ಬಂದಾಗ ಬರುವ ಆ ವಿರಾಮದ ಮುಂದಿನ ಓವರಿನಲ್ಲಿ ವಿಕೆಟ್ ಬಿದ್ದಾಗ ಆಗುವ ಸಂಕಟವನ್ನು ಕಾಲೇಜು ಬಾಸ್ಕೆಟ್‌ಬಾಲ್ ಪ್ರೇಮಿ ಪಂದ್ಯಕ್ಕೆ ಎಂಟು ಸಲ ಅನುಭವಿಸುತ್ತಾನೆ.

ಅಂಡರ್ 4 ಮುಗಿದ ಮೇಲೆ

40 ನಿಮಿಷದ ಆಟ ಎರಡು ಗಂಟೆ ಹಿಡಿಯುವುದೇಕೆ ಎಂಬ ಲೆಕ್ಕ ಈಗ ಸುಲಭ. ಆಟ 40, ಟಿವಿ ಬಿಡುವು ಎಂಟು ಸೇರಿ 18ರಿಂದ 20, ನಡುವಿನ ವಿರಾಮ 15. ಅಲ್ಲಿಗೆ 75 ನಿಮಿಷ. ಉಳಿದದ್ದು ತಂಡಗಳ ಟೈಮ್‌ಔಟ್, ಫ್ರೀ ಥ್ರೋ, ವಿಡಿಯೋ ಪರಿಶೀಲನೆ, ಚೆಂಡು ತಂದು ಕೊಡುವ ಹೊತ್ತು.

ಎರಡನೇ ಹಾಫಿನ ಅಂಡರ್ 4 ಬಂದು ಹೋದ ಮೇಲೆ ನಿಗದಿತ ಟಿವಿ ಬಿಡುವು ಇಲ್ಲ. ಇನ್ನು ಸರಾಗ ಎಂದುಕೊಂಡು ಕಾಫಿ ಇಡಲು ಏಳಬೇಡಿ. ಪಂದ್ಯ ಬಿಗಿಯಾಗಿದ್ದರೆ ಕೋಚ್‌ಗಳು ಕೂಡಿಟ್ಟ ಟೈಮ್‌ಔಟುಗಳೆಲ್ಲ ಹೊರಬರುವುದು ಈಗಲೇ. ಹಿಂದಿರುವ ತಂಡ ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತದೆ, ಮುಂದಿರುವ ತಂಡ ಫ್ರೀ ಥ್ರೋ ಎಸೆಯುತ್ತದೆ, ರೆಫರಿಗಳು ಮಾನಿಟರಿನ ಮುಂದೆ ಬಾಗಿ ನಿಲ್ಲುತ್ತಾರೆ, ಕೊನೆಯ ನಿಮಿಷದಲ್ಲಿ ಬುಟ್ಟಿ ಬಿದ್ದರೂ ಗಡಿಯಾರ ನಿಲ್ಲುತ್ತದೆ. ಪರದೆಯ ಮೂಲೆಯಲ್ಲಿ 0:58 ಎಂದು ಕಂಡ ಮೇಲೆ ಪಂದ್ಯ ಮುಗಿಯಲು ಹತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.